ಪೆನ್‌ಡ್ರೈವ್ ಹಾಡಿಗೆ ಅಪ್‌ಸ್ಕೇಲಿಂಗ್: ಎಲ್ಲಿ ಹಾಕಬೇಕು, ಎಷ್ಟು ಹಾಕಬೇಕು, ಎಲ್ಲಿ ಬೇಡ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಬಹಳಷ್ಟು ಮನೆಗಳಲ್ಲಿ ಹಾಡು ತುಂಬಿದ ಒಂದು ಪೆನ್‌ಡ್ರೈವ್ ಇಲ್ಲವೇ ಮೆಮೊರಿ ಕಾರ್ಡ್ ಇರುತ್ತದೆ. ಮೊಬೈಲ್ ಅಂಗಡಿಯಲ್ಲಿ ಹಾಕಿಸಿಕೊಂಡದ್ದು, ಆಮೇಲೆ ಒಬ್ಬರಿಂದ ಒಬ್ಬರಿಗೆ ಕಾಪಿಯಾಗುತ್ತ ಬಂದದ್ದು. 8 ಜಿಬಿಯಲ್ಲಿ ಸಾವಿರದ ಆರುನೂರು ಹಾಡು ಹಿಡಿಸಬೇಕೆಂದರೆ ಐದು ನಿಮಿಷದ ಹಾಡು 5 ಎಂಬಿ ದಾಟುವಂತಿಲ್ಲ. ಹಾಗಾಗಿ ಹೆಚ್ಚಿನವು 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3. ಸಣ್ಣ ಸ್ಪೀಕರಿನಲ್ಲಿ ಕೊರತೆ ಗೊತ್ತಾಗುವುದಿಲ್ಲ. ಅದೇ ಹಾಡನ್ನು ಒಳ್ಳೆಯ ಹೆಡ್‌ಫೋನಿನಲ್ಲೋ ಹೋಮ್ ಥಿಯೇಟರಿನಲ್ಲೋ ಹಾಕಿದಾಗ ತಾಳದ ಹೊಳಪು ಮಂಕಾಗಿ, ಗೆಜ್ಜೆಯ ಸದ್ದು ಕಲಸಿಹೋದಂತೆ ಕೇಳುತ್ತದೆ.

ಈ ಕೊರತೆ ತುಂಬಲೆಂದೇ ಕಂಪನಿಗಳು ಒಂದೊಂದು ಅಪ್‌ಸ್ಕೇಲಿಂಗ್ ಸೌಲಭ್ಯ ಕೊಟ್ಟಿವೆ. ಸೋನಿಯಲ್ಲಿ ಡಿಎಸ್‌ಇಇ, ಸ್ಯಾಮ್‌ಸಂಗ್ ಫೋನಿನಲ್ಲಿ ಯುಎಚ್‌ಕ್ಯೂ ಅಪ್‌ಸ್ಕೇಲರ್, ಡೆನಾನ್ ರಿಸೀವರಿನಲ್ಲಿ ರಿಸ್ಟೋರರ್, ಯಮಾಹಾದಲ್ಲಿ ಮ್ಯೂಸಿಕ್ ಎನ್‌ಹಾನ್ಸರ್, ಹರ್ಮನ್ ಕಾರ್ ಸಿಸ್ಟಮ್‌ಗಳಲ್ಲಿ ಕ್ಲಾರಿ-ಫೈ. ಹೆಸರು ಬೇರೆ, ಉದ್ದೇಶ ಒಂದೇ. ಸರಿಯಾದ ಫೈಲಿಗೆ, ಸರಿಯಾದ ಜಾಗದಲ್ಲಿ, ಒಂದೇ ಒಂದು ಸಲ ಹಾಕಿದರೆ ಇದರಿಂದ ನಿಜಕ್ಕೂ ಉಪಕಾರವಿದೆ. ಫೈಲು ನೋಡದೆ ಫೋನು, ಆ್ಯಪು, ರಿಸೀವರು ಮೂರರಲ್ಲೂ ಆನ್ ಮಾಡಿದರೆ ಇದ್ದದ್ದೂ ಕೆಡುತ್ತದೆ.

ಎಂಪಿ3 ಬಿಟ್ಟುಬಿಡುವುದು ಏನನ್ನು

ಸಿಡಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್, ಒಂದೊಂದಕ್ಕೂ 16 ಬಿಟ್, ಎಡ ಬಲ ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 1411 ಕಿಲೋಬಿಟ್. ಅದನ್ನು 128ಕ್ಕೆ ಇಳಿಸುವುದೆಂದರೆ ಹನ್ನೊಂದು ಪಾಲಿನಲ್ಲಿ ಹತ್ತು ಪಾಲನ್ನು ಬಿಟ್ಟುಬಿಡುವುದು. ಜೋರಾದ ಸದ್ದಿನ ಪಕ್ಕದಲ್ಲಿರುವ ಮೆಲು ಸದ್ದು ಕಿವಿಗೆ ಬೀಳುವುದಿಲ್ಲ ಎಂಬ ಲೆಕ್ಕದ ಮೇಲೆ ಎನ್‌ಕೋಡರ್, ಅಂದರೆ ಎಂಪಿ3 ಮಾಡುವ ಪ್ರೋಗ್ರಾಂ, ಯಾವುದಕ್ಕೆ ಬಿಟ್ ಕೊಡಬೇಕು, ಯಾವುದನ್ನು ಕೈಬಿಡಬೇಕು ಎಂದು ತೀರ್ಮಾನಿಸುತ್ತದೆ.

ಮೊದಲ ಪೆಟ್ಟು ಬೀಳುವುದು ಮೇಲಿನ ಕಂಪನಾಂಕಗಳಿಗೆ. 128 ಕೆಬಿಪಿಎಸ್‌ನಲ್ಲಿ 16–17 ಕಿಲೋಹರ್ಟ್ಸ್ ಮೇಲಿನದೆಲ್ಲ ಕತ್ತರಿಸಿರುತ್ತದೆ. 64ರಲ್ಲಿ 11ರ ಆಸುಪಾಸಿಗೇ ಕತ್ತರಿ. 320ರಲ್ಲಿ ಸುಮಾರು 20ರವರೆಗೂ ಉಳಿದಿರುತ್ತದೆ.

ಎರಡನೆಯ ಪೆಟ್ಟಿನ ಬಗ್ಗೆ ಮಾತು ಕಡಿಮೆ, ಆದರೆ ಕಿವಿಗೆ ಹೆಚ್ಚು ತಟ್ಟುವುದು ಅದೇ. 10ರಿಂದ 16 ಕಿಲೋಹರ್ಟ್ಸ್ ನಡುವಿನ ಪಟ್ಟಿಯಲ್ಲಿ ಬಿಟ್ ಸಾಲದೆ ಬಂದಾಗಲೆಲ್ಲ ಎನ್‌ಕೋಡರ್ ಆ ಕ್ಷಣಕ್ಕೆ ಆ ಭಾಗವನ್ನು ಸೊನ್ನೆ ಮಾಡುತ್ತದೆ, ಮರುಕ್ಷಣ ಮತ್ತೆ ಕೊಡುತ್ತದೆ. ಸೆಕೆಂಡಿಗೆ ಹತ್ತಾರು ಸಲ ಹೀಗೆ ಬಂದು ಹೋಗುವ ತೂತುಗಳೇ ಸಿಂಬಲ್, ಗೆಜ್ಜೆ, ಚಪ್ಪಾಳೆಗಳಲ್ಲಿ ಕೇಳುವ ಆ ಜುಳುಜುಳು.

ಮೂರನೆಯದು ವಾದ್ಯದ ಏಟಿಗೆ ಮುಂಚೆಯೇ ಕೇಳುವ ಸುಯ್ಯೆಂಬ ಸದ್ದು, ಪ್ರಿ-ಎಕೋ. ಅದರ ಬಗ್ಗೆ ತಮಟೆಯ ಪ್ರಸ್ತಾಪ ಬಂದಾಗ ಹೇಳುತ್ತೇವೆ. ಬಾಸ್ ಮಾತ್ರ ಕಡಿಮೆ ಬಿಟ್‌ರೇಟಿನಲ್ಲೂ ಬಹುತೇಕ ಹಾಗೇ ಉಳಿದಿರುತ್ತದೆ. ಆದ್ದರಿಂದ ಆನ್ ಮಾಡಿದ ಕೂಡಲೇ ಬಾಸ್ ಗುದ್ದುವ ಸೌಲಭ್ಯ ಕಳೆದುಹೋದದ್ದನ್ನು ತುಂಬುತ್ತಿಲ್ಲ, ಈಕ್ವಲೈಜರ್ ಕೆಲಸ ಮಾಡುತ್ತಿದೆ.

ಅಪ್‌ಸ್ಕೇಲರ್ ಒಳಗೆ ನಡೆಯುವುದು

ಎರಡು ಬೇರೆ ಕೆಲಸಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಒಂದು, ಸ್ಯಾಂಪಲ್ ರೇಟ್ ಏರಿಸುವುದು: 44.1 ಕಿಲೋಹರ್ಟ್ಸ್ ಇದ್ದದ್ದು 88.2 ಅಥವಾ 96 ಆಗುತ್ತದೆ, 16 ಬಿಟ್ ಇದ್ದದ್ದು 24 ಆಗುತ್ತದೆ. ಇರುವ ಸ್ಯಾಂಪಲ್‌ಗಳ ನಡುವೆ ಫಿಲ್ಟರ್ ಲೆಕ್ಕ ಹಾಕಿ ಹೊಸ ಸ್ಯಾಂಪಲ್ ಕೂರಿಸುವುದಷ್ಟೇ ಇದು. ಸ್ಯಾಂಪಲ್ ರೇಟಿನ ಅರ್ಧದವರೆಗೆ ಮಾತ್ರ ಕಂಪನಾಂಕ ಹಿಡಿಸುತ್ತದೆ ಎಂಬ ನಿಯಮ ಇರುವುದರಿಂದ ಮೇಲೆ ಖಾಲಿ ಜಾಗ ಸಿಗುತ್ತದೆ. ಜಾಗ ಮಾತ್ರ, ಅದರಲ್ಲಿ ಸಂಗೀತ ಇನ್ನೂ ಇಲ್ಲ.

ಎರಡನೆಯದು ಆ ಜಾಗ ತುಂಬುವುದು. ಅಪ್‌ಸ್ಕೇಲರ್ ಮೊದಲು ಫೈಲು ಎಲ್ಲಿ ಕತ್ತರಿಸಿದೆ ಎಂದು ಗುರುತಿಸುತ್ತದೆ. ಅದರ ಕೆಳಗಿನ ಪಟ್ಟಿಯನ್ನು ತೆಗೆದುಕೊಂಡು ಒಂದೋ ಹಾರ್ಮೋನಿಕ್ (ಎರಡು ಪಟ್ಟು, ಮೂರು ಪಟ್ಟು ಕಂಪನಾಂಕದ ಸದ್ದು) ಹುಟ್ಟಿಸುತ್ತದೆ, ಇಲ್ಲವೇ ಅದನ್ನೇ ಮೇಲಕ್ಕೆ ನಕಲು ಮಾಡುತ್ತದೆ. ಆಮೇಲೆ ಕೆಳಗಿನ ಇಳಿಜಾರು ಹೇಗಿತ್ತೋ ಅದೇ ಇಳಿಜಾರು ಮುಂದುವರಿಯುವಂತೆ ಮಟ್ಟ ಇಳಿಸಿ ಬೆರೆಸುತ್ತದೆ. ವೀಣೆಯ ತಂತಿಗೆ 4, 6, 8 ಕಿಲೋಹರ್ಟ್ಸ್‌ನಲ್ಲಿ ಹಾರ್ಮೋನಿಕ್ ಇದ್ದರೆ 16, 18ರಲ್ಲೂ ಇದ್ದಿರಲೇಬೇಕು ಎಂಬ ಊಹೆ ಇಲ್ಲಿ ಕೆಲಸ ಮಾಡುತ್ತದೆ. ಚುಕ್ಕಿ ಉಳಿದಿರುವ ರಂಗೋಲಿಗೆ ಎಳೆಯನ್ನು ಮತ್ತೆ ಎಳೆಯಬಹುದು, ಚುಕ್ಕಿಯೇ ಅಳಿಸಿಹೋಗಿದ್ದರೆ ಎಳೆದದ್ದು ಬೇರೆಯೇ ರಂಗೋಲಿ. ಅಪ್‌ಸ್ಕೇಲರಿಗೂ ಅದೇ ಮಿತಿ.

2020ರಲ್ಲಿ ಸೋನಿ ಡಬ್ಲ್ಯುಎಚ್-1000ಎಕ್ಸ್‌ಎಂ4 ಹೆಡ್‌ಫೋನ್ ಜೊತೆ ಬಂದ ಡಿಎಸ್‌ಇಇ ಎಕ್ಸ್‌ಟ್ರೀಮ್‌ನಂಥ ಹೊಸ ಪೀಳಿಗೆಯವು ಯಂತ್ರಕಲಿಕೆಯಿಂದ ಊಹಿಸುತ್ತವೆ. ಹಾಡಿನಲ್ಲಿ ಈಗ ಬರುತ್ತಿರುವುದು ಗಂಟಲೋ ತಾಳವಾದ್ಯವೋ ಎಂಬುದನ್ನು ನೋಡಿಕೊಂಡು ತುಂಬುವುದರಿಂದ, ಎಲ್ಲಕ್ಕೂ ಒಂದೇ ಸೂತ್ರ ಹಾಕುವ ಹಳೆಯ ವಿಧಾನಕ್ಕಿಂತ ಕರ್ಕಶತೆ ಕಡಿಮೆ. ಆದರೂ ಅದು ಊಹೆಯೇ, ಮೂಲ ಧ್ವನಿಮುದ್ರಣವಲ್ಲ.

ಇನ್ನೊಂದು ಮಾತು ನೇರವಾಗಿ ಹೇಳಿಬಿಡಬೇಕು. ಎಳೆಯ ಕಿವಿ 20 ಕಿಲೋಹರ್ಟ್ಸ್ ಆಸುಪಾಸಿನವರೆಗೂ ಕೇಳುತ್ತದೆ. ವಯಸ್ಸು ನಲವತ್ತು ಐವತ್ತು ದಾಟಿದ ಮೇಲೆ 15 ದಾಟುವುದು ಬಹಳ ಜನರಿಗೆ ಕಷ್ಟ. ಆದ್ದರಿಂದ 128ರ ಫೈಲಿನಲ್ಲಿ 16ರ ಮೇಲೆ ತುಂಬಿದ್ದು ಮನೆಯ ಹುಡುಗರಿಗೆ ಕೇಳಬಹುದು, ಹಿರಿಯರಿಗೆ ಕೇಳದಿರಬಹುದು. 64, 96ರ ಫೈಲಿಗೆ ಹಾಕಿದಾಗ ಮಾತ್ರ ವ್ಯತ್ಯಾಸ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಾಗುತ್ತದೆ. ಹಣ ಕೊಟ್ಟು ಹೊಸ ಸಾಧನ ಕೊಳ್ಳುವ ಮುನ್ನ ಇದು ತಿಳಿದಿರಲಿ.

ಮೊದಲು ಫೈಲು ನೋಡಿ

ಬಿಟ್‌ರೇಟ್ ತೋರಿಸುವ ಆ್ಯಪ್ ಇಲ್ಲದಿದ್ದರೂ ಲೆಕ್ಕ ಹಾಕಬಹುದು. ಫೈಲಿನ ಎಂಬಿಯನ್ನು 8000ದಿಂದ ಗುಣಿಸಿ, ಹಾಡಿನ ಸೆಕೆಂಡುಗಳಿಂದ ಭಾಗಿಸಿ. 5 ನಿಮಿಷ, ಅಂದರೆ 300 ಸೆಕೆಂಡಿನ ಹಾಡು 4.8 ಎಂಬಿ ಇದ್ದರೆ 128 ಕೆಬಿಪಿಎಸ್. 12 ಎಂಬಿ ಇದ್ದರೆ 320. 2.4 ಇದ್ದರೆ 64.

ಈ ಲೆಕ್ಕವನ್ನೇ ನಂಬಿ ಕೂರುವಂತಿಲ್ಲ. 128ರ ಫೈಲನ್ನು ಯಾರೋ 320ಕ್ಕೆ ಬದಲಿಸಿ ಹಂಚಿರುವುದು ಸಾಮಾನ್ಯ. ಗಾತ್ರ ದೊಡ್ಡದಾಗಿರುತ್ತದೆ, ಹೋದದ್ದು ಬಂದಿರುವುದಿಲ್ಲ. ಕಂಪ್ಯೂಟರಿನಲ್ಲಿ ಸ್ಪೆಕ್ ಎಂಬ ಉಚಿತ ಪ್ರೋಗ್ರಾಂ ಹಾಕಿಕೊಂಡು ಹಾಡನ್ನು ಎಳೆದು ಬಿಟ್ಟರೆ ಸ್ಪೆಕ್ಟ್ರೋಗ್ರಾಂ ಬರುತ್ತದೆ. ಆಡಾಸಿಟಿ ಎಂಬ ಧ್ವನಿ ತಿದ್ದುವ ಪ್ರೋಗ್ರಾಂ ಇದ್ದರೆ ಟ್ರ್ಯಾಕಿನ ಹೆಸರಿನ ಬಳಿಯ ಮೆನು ತೆರೆದು ಸ್ಪೆಕ್ಟ್ರೋಗ್ರಾಂ ಆರಿಸಿ. ಅಡ್ಡ ಸಮಯ, ಉದ್ದ ಕಂಪನಾಂಕ, ಬಣ್ಣದ ಪ್ರಖರತೆ ಸದ್ದಿನ ಜೋರು. ಹಾಡಿನ ಮೆಲುದನಿಯ ಭಾಗ ಬಿಟ್ಟು, ಎಲ್ಲ ವಾದ್ಯ ಸೇರಿದ ಜೋರಾದ ಭಾಗವನ್ನು ನೋಡಬೇಕು.

ಮೇಲೆ ಸ್ಕೇಲು ಇಟ್ಟು ಗೆರೆ ಎಳೆದಂತೆ 16ರಲ್ಲಿ ಎಲ್ಲ ನಿಂತಿದ್ದರೆ ಅದು ಎನ್‌ಕೋಡರಿನ ಕತ್ತರಿ. ಫೈಲು ತನ್ನನ್ನು 320 ಎಂದು ಕರೆದುಕೊಂಡರೂ ಅದು 128ರ ಮರಿಯೇ. ಇಂಥದ್ದಕ್ಕೆ ಅಪ್‌ಸ್ಕೇಲಿಂಗ್ ಹೊಂದುತ್ತದೆ. ಗೆರೆ ಇಲ್ಲದೆ ನಿಧಾನವಾಗಿ ಮಂಕಾಗುತ್ತ ಹೋಗಿದ್ದರೆ ಅದು ಮೂಲ ರೆಕಾರ್ಡಿಂಗಿನ ಗುಣ, ಕ್ಯಾಸೆಟ್ಟಿನದೋ ಹಳೆಯ ತಟ್ಟೆಯದೋ ಆಗಿರುತ್ತದೆ. ಅಲ್ಲಿ ಕಳೆದುಹೋದದ್ದೇ ಇಲ್ಲ, ತುಂಬಲು ಹೋದರೆ ಇಲ್ಲದ ಸದ್ದು ಹುಟ್ಟುತ್ತದೆ.

ಚಿತ್ರದಲ್ಲಿ ಸಣ್ಣ ದಾರದಂಥ ಅಡ್ಡಗೆರೆಗಳೂ ಸಿಗಬಹುದು. 15.6 ಕಿಲೋಹರ್ಟ್ಸ್‌ನಲ್ಲಿ ಹಾಡಿನುದ್ದಕ್ಕೂ ಬಿಡದೆ ಓಡುವ ಗೆರೆ ಇದ್ದರೆ ಅದು ಹಳೆಯ ಟ್ಯೂಬ್ ಟಿವಿಯ ಶಿಳ್ಳೆ: 625 ಗೆರೆಗಳ ಚಿತ್ರ ಸೆಕೆಂಡಿಗೆ 25 ಸಲ, ಒಟ್ಟು 15,625. ದೂರದರ್ಶನದ ಹಾಡನ್ನು ಟಿವಿಯ ಮುಂದೆ ಹಿಡಿದು ಮುದ್ರಿಸಿಕೊಂಡ ಫೈಲುಗಳಲ್ಲಿ ಇದು ಕಾಣುತ್ತದೆ. 15ರಲ್ಲಿ ಎಲ್ಲ ನಿಂತು, 19ರಲ್ಲಿ ಒಂಟಿ ಗೆರೆ ಇದ್ದರೆ ಎಫ್‌ಎಂ ರೇಡಿಯೊದಿಂದ ತೆಗೆದದ್ದು. ಆ 19 ಸ್ಟೀರಿಯೊ ಪ್ರಸಾರದ ಪೈಲಟ್ ಟೋನ್. ಇಂಥ ಗೆರೆಯನ್ನು ಅಪ್‌ಸ್ಕೇಲರ್ ಸಂಗೀತವೆಂದೇ ತಿಳಿದು ಬೆಳೆಸಬಹುದು. ಆಡಾಸಿಟಿಯ ನಾಚ್ ಫಿಲ್ಟರಿನಲ್ಲಿ ಆ ಕಂಪನಾಂಕ ಕೊಟ್ಟು ಮೊದಲು ಗೆರೆ ತೆಗೆದು, ಆಮೇಲೆ ಮುಂದಿನ ಕೆಲಸ.

ಬಿಟ್‌ರೇಟ್ 48 ಅಥವಾ 64 ಮಾತ್ರ ಇದ್ದು, ಚಿತ್ರ ಮೇಲಿನವರೆಗೂ ತುಂಬಿದ್ದರೆ ಅದು ಎಚ್‌ಇ-ಎಎಸಿ ಎಂಬ ಬಗೆಯ ಫೈಲು ಇರಬಹುದು. ನೆಟ್ ರೇಡಿಯೊಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಮೇಲಿನ ಪಟ್ಟಿಯನ್ನು ಹೇಗೆ ಮರುಕಟ್ಟಬೇಕೆಂಬ ಸೂಚನೆ ಎನ್‌ಕೋಡ್ ಮಾಡುವಾಗಲೇ ಫೈಲಿನೊಳಗೆ ಸೇರಿರುತ್ತದೆ. ಮೂಲವನ್ನು ನೋಡಿ ಬರೆದ ಆ ಸೂಚನೆ ಹೊರಗಿನ ಯಾವ ಅಪ್‌ಸ್ಕೇಲರಿನ ಊಹೆಗಿಂತಲೂ ಮೇಲು. ಅದರ ಮೇಲೆ ಇನ್ನೊಂದು ಬೇಡ.

256, 320ರ ನಿಜವಾದ ಫೈಲಿಗೂ, ಏನನ್ನೂ ಕೈಬಿಡದೆ ಕುಗ್ಗಿಸುವ ಫ್ಲಾಕ್‌ಗೂ ಬೇಡ. ಹಾಡು ಹೊಸ ಚಿತ್ರದ್ದಾಗಿದ್ದು, ಚಂದಾ ಕಟ್ಟಿದ ಆ್ಯಪಿನಲ್ಲಿ ಸಿಗುವುದಾದರೆ ಅಲ್ಲಿ ಗುಣಮಟ್ಟದ ಸೆಟ್ಟಿಂಗನ್ನು ಆಟೊದಿಂದ ಅತಿ ಹೆಚ್ಚಿಗೆ ಬದಲಿಸಿ, ಡೇಟಾ ಸೇವರ್ ಆಫ್ ಮಾಡಿ. ಮೂಲ ಸಿಗುವ ಕಡೆ ಅಪ್‌ಸ್ಕೇಲಿಂಗಿಗೆ ಕೈಹಾಕುವುದು ಶ್ರಮದ ಪೋಲು.

ಜಾಗ ಬಿಟ್ಟುಕೊಳ್ಳಿ

ಈ ಹಂತವನ್ನು ಬಿಟ್ಟವರೇ ಹೆಚ್ಚು, ದೂರು ಬರುವುದೂ ಇಲ್ಲಿಂದಲೇ. ಈಚಿನ ಸಿನಿಮಾ ಹಾಡುಗಳನ್ನು ಸೊನ್ನೆ ಡೆಸಿಬೆಲ್ ಮುಟ್ಟುವಷ್ಟು ಜೋರಾಗಿ ಮಾಸ್ಟರ್ ಮಾಡಿರುತ್ತಾರೆ. ಅದನ್ನು ಎಂಪಿ3 ಮಾಡಿ ಮತ್ತೆ ಬಿಚ್ಚಿದಾಗ ಅಲೆಯ ತುದಿಗಳು ಮೂಲದಷ್ಟೇ ಇರುವುದಿಲ್ಲ, ಸೊನ್ನೆಯ ಮೇಲೂ ಹೋಗುತ್ತವೆ. ಅದರ ಮೇಲೆ ಅಪ್‌ಸ್ಕೇಲರ್ ಹೊಸ ಶಕ್ತಿ ಸೇರಿಸಿದರೆ ತುದಿ ಕತ್ತರಿಸಿ ಚರಚರ ಎನ್ನುತ್ತದೆ. ಕೇಳುವವರು ಅಪ್‌ಸ್ಕೇಲರನ್ನು ಬೈಯುತ್ತಾರೆ, ತಪ್ಪು ಇರುವುದು ಮಟ್ಟದಲ್ಲಿ.

ಪ್ಲೇಯರಿನಲ್ಲಿ ಪ್ರಿಆಂಪ್ ಇದ್ದರೆ ಮೈನಸ್ 3 ಡೆಸಿಬೆಲ್‌ಗೆ ಇಳಿಸಿ. ತುಂಬ ಜೋರಾದ ಹಾಡಿಗೆ ಮೈನಸ್ 5, 6ರವರೆಗೂ ಹೋಗಬಹುದು. ಪವರ್‌ಆಂಪ್, ಫೂಬಾರ್2000 ಎಂಬ ಪ್ಲೇಯರ್‌ಗಳೆರಡರಲ್ಲೂ ರಿಪ್ಲೇಗೇನ್ ಇದೆ, ಅದನ್ನು ಆನ್ ಮಾಡಿದರೆ ಹಾಡುಗಳ ಮಟ್ಟ ಸಮನಾಗುವುದರ ಜೊತೆಗೆ ಈ ಜಾಗವೂ ಸಿಗುತ್ತದೆ. ಪ್ರಿಆಂಪ್ ಇಲ್ಲದ ಕಾರಿಗೋ ಹಳೆಯ ಪ್ಲೇಯರಿಗೋ ಆದರೆ ಎಂಪಿ3ಗೇನ್ ಪ್ರೋಗ್ರಾಂನಿಂದ ಫೈಲಿನ ಮಟ್ಟವನ್ನೇ ಇಳಿಸಿ. ಅದು 1.5 ಡೆಸಿಬೆಲ್ ಮೆಟ್ಟಿಲುಗಳಲ್ಲಿ ಇಳಿಸುತ್ತದೆ, ಮರು ಎನ್‌ಕೋಡ್ ಮಾಡದೆ ಮಟ್ಟದ ಅಂಕಿ ಮಾತ್ರ ಬದಲಿಸುವುದರಿಂದ ಗುಣಮಟ್ಟ ಕೆಡುವುದಿಲ್ಲ.

ಇಳಿದ ಸದ್ದನ್ನು ಆಂಪ್ಲಿಫೈಯರಿನ ಗುಂಡಿಯಲ್ಲಿ ಏರಿಸಿಕೊಳ್ಳಿ. ಫೋನಿನ ವಾಲ್ಯೂಮ್ ಬೂಸ್ಟರ್ ಆ್ಯಪ್‌ಗಳನ್ನು ತೆಗೆದುಹಾಕಿ. ಈಕ್ವಲೈಜರ್, ಡಾಲ್ಬಿ, ಬಾಸ್ ಬೂಸ್ಟ್ ಎಲ್ಲ ಈಗ ಆಫ್ ಇರಲಿ, ಬೇಕಿದ್ದರೆ ಕೊನೆಗೆ ಒಂದೊಂದಾಗಿ ಸೇರಿಸಿ.

ಒಂದೇ ಕಡೆ ಹಾಕಿ

ವೈರ್ ಹೆಡ್‌ಫೋನ್ ಆದರೆ ಫೋನಿನಲ್ಲಿ. ಅಪ್‌ಸ್ಕೇಲರ್ ಇರುವ ಸ್ಯಾಮ್‌ಸಂಗ್ ಮಾಡೆಲ್‌ಗಳಲ್ಲಿ ಸೆಟ್ಟಿಂಗ್ಸ್, ಸೌಂಡ್ಸ್ ಆ್ಯಂಡ್ ವೈಬ್ರೇಷನ್, ಅದರ ಕೆಳಗೆ ಸೌಂಡ್ ಕ್ವಾಲಿಟಿ ಆ್ಯಂಡ್ ಎಫೆಕ್ಟ್ಸ್ ತೆರೆದರೆ ಯುಎಚ್‌ಕ್ಯೂ ಅಪ್‌ಸ್ಕೇಲರ್ ಸಿಗುತ್ತದೆ. ಬೂದು ಬಣ್ಣದಲ್ಲಿದ್ದು ಒತ್ತಲು ಬಾರದಿದ್ದರೆ ಫೋನು ಕೆಟ್ಟಿಲ್ಲ, ಹೆಡ್‌ಫೋನ್ ಚುಚ್ಚಿದ ಮೇಲೆ ತೆರೆದುಕೊಳ್ಳುತ್ತದೆ.

ಬ್ಲೂಟೂತ್ ಆದರೆ ಲೆಕ್ಕ ಬೇರೆ. ಫೋನಿನಿಂದ ಹೆಡ್‌ಫೋನಿಗೆ ಹೋಗುವಾಗ ಹಾಡು ಇನ್ನೊಮ್ಮೆ ಕುಗ್ಗುತ್ತದೆ. ಹೀಗೆ ಕುಗ್ಗಿಸುವ ವಿಧಾನವೇ ಕೋಡೆಕ್. ಎಲ್ಲ ಸಾಧನಗಳಲ್ಲೂ ಇರುವ ಎಸ್‌ಬಿಸಿಯಲ್ಲಿ ಸಾಮಾನ್ಯವಾಗಿ 328 ಕೆಬಿಪಿಎಸ್, ಎಲ್‌ಡಿಎಸಿಯಲ್ಲಿ 330, 660, 990 ಎಂಬ ಮೂರು ಮಟ್ಟ. ಫೋನಿನಲ್ಲೇ ತುಂಬಿದ ಸೂಕ್ಷ್ಮ ಹೊಳಪು ಈ ಎರಡನೆಯ ಕುಗ್ಗಿಸುವಿಕೆಯಲ್ಲಿ ಮತ್ತೆ ಹೋಗಬಹುದು. ಆದ್ದರಿಂದ ಬ್ಲೂಟೂತ್‌ನಲ್ಲಿ ಫೋನಿನ ಅಪ್‌ಸ್ಕೇಲರ್ ಆಫ್, ಹೆಡ್‌ಫೋನಿನದು ಆನ್. ಸೋನಿ ಹೆಡ್‌ಫೋನಿನಲ್ಲಿ ಅದರದೇ ಆ್ಯಪಿನೊಳಗೆ ಡಿಎಸ್‌ಇಇ ಗುಂಡಿ ಇದೆ. ಆನ್ ಮಾಡಿದರೆ ಬ್ಯಾಟರಿ ಬೇಗ ಇಳಿಯುತ್ತದೆ, ದೂರದ ಪ್ರಯಾಣಕ್ಕೆ ಅದು ಲೆಕ್ಕದಲ್ಲಿರಲಿ. ಯಾವ ಕೋಡೆಕ್ ಓಡುತ್ತಿದೆ ಎಂದು ನೋಡಲು ಆಂಡ್ರಾಯ್ಡಿನ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ, ಡೆವಲಪರ್ ಆಪ್ಷನ್ಸ್ ತೆರೆದು, ಬ್ಲೂಟೂತ್ ಆಡಿಯೊ ಕೋಡೆಕ್ ಸಾಲು ನೋಡಿ. ಬಸ್ ನಿಲ್ದಾಣದಂಥ ಗಿಜಿಗುಡುವ ಕಡೆ 990 ಕಟ್‌ಕಟ್ ಆಗುತ್ತದೆ, 660 ಸಾಕು.

ಹೋಮ್ ಥಿಯೇಟರ್ ರಿಸೀವರ್ ಆದರೆ ರಿಸೀವರಿನಲ್ಲೇ. ಡೆನಾನ್ ರಿಸ್ಟೋರರಿನ ಮೂರು ಮಟ್ಟಗಳನ್ನು ಬಿಟ್‌ರೇಟ್ ನೋಡಿಯೇ ಇಟ್ಟಿದ್ದಾರೆ: 64 ಮತ್ತು ಅದಕ್ಕಿಂತ ಕೆಳಗಿನದಕ್ಕೆ ಹೈ, 96ರವರೆಗೆ ಮೀಡಿಯಂ, 96ರ ಮೇಲೆ ಲೋ. ಅಂದರೆ ನಮ್ಮ 128ರ ಹಾಡಿಗೆ ಬೇಕಾದ್ದು ಲೋ. ಹೈ ಇಟ್ಟರೆ ಹೆಚ್ಚು ಸಿಗುತ್ತದೆಂದು ಭಾವಿಸುವುದೇ ಇಲ್ಲಿ ಸಾಮಾನ್ಯ ತಪ್ಪು.

ರಿಸೀವರಿನಲ್ಲಿ ಆನ್ ಮಾಡಿದರೂ ಏನೂ ಬದಲಾಗದಿದ್ದರೆ ಎರಡು ಕಾರಣ ಹುಡುಕಿ. ಡೈರೆಕ್ಟ್ ಅಥವಾ ಪ್ಯೂರ್ ಡೈರೆಕ್ಟ್ ಮೋಡಿನಲ್ಲಿದ್ದರೆ ಇಂಥ ಸಂಸ್ಕರಣೆಯೆಲ್ಲ ಬಂದ್, ಸ್ಟೀರಿಯೊ ಮೋಡಿಗೆ ಬನ್ನಿ. ಇನ್ನೊಂದು, ಯಮಾಹಾ ಎನ್‌ಹಾನ್ಸರ್, ಡೆನಾನ್ ರಿಸ್ಟೋರರ್ ಕೆಲಸ ಮಾಡುವುದು 44.1 ಮತ್ತು 48 ಕಿಲೋಹರ್ಟ್ಸ್ ಡಿಜಿಟಲ್ ಸಿಗ್ನಲ್ ಮೇಲೆ. ಕಂಪ್ಯೂಟರ್ ಮೊದಲೇ 96ಕ್ಕೆ ಏರಿಸಿ ಕಳಿಸಿದರೆ ಅವು ಸುಮ್ಮನಾಗುತ್ತವೆ. ವಿಂಡೋಸಿನ ಸೌಂಡ್ ಸೆಟ್ಟಿಂಗಿನಲ್ಲಿ ಆ ಔಟ್‌ಪುಟ್ಟಿನ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ 24 ಬಿಟ್, 48000 ಅಥವಾ 44100 ಎಂದು ಇಡಿ. ಹೆಚ್ಚಿನ ಅಂಕಿ ಕಳಿಸಿದರೆ ಹೆಚ್ಚಿನ ಗುಣ ಎಂಬ ಲೆಕ್ಕ ಇಲ್ಲಿ ತಿರುಗುಮುರುಗಾಗುತ್ತದೆ.

ಆಡಾಸಿಟಿಯಲ್ಲಿ ಕೈಯಾರೆ

ಯಾವ ವಿಶೇಷ ಸಾಧನವೂ ಇಲ್ಲದವರು ಹಾಡನ್ನೇ ಒಮ್ಮೆ ಸಂಸ್ಕರಿಸಿ ಇಟ್ಟುಕೊಳ್ಳಬಹುದು. ಯಂತ್ರ ಒಳಗೊಳಗೇ ಮಾಡುವುದನ್ನು ಕಣ್ಣೆದುರು ಮಾಡುವುದರಿಂದ ವಿಷಯವೂ ಚೆನ್ನಾಗಿ ತಿಳಿಯುತ್ತದೆ. 16 ಕಿಲೋಹರ್ಟ್ಸ್‌ನಲ್ಲಿ ಕತ್ತರಿಸಿದ ಫೈಲಿಗೆ ಈ ಅಳತೆಗಳು.

ಫೈಲು ತೆರೆದು, ಟ್ರ್ಯಾಕ್ಸ್ ಮೆನುವಿನ ರಿಸ್ಯಾಂಪಲ್‌ನಲ್ಲಿ 88200 ಕೊಡಿ. ಹಾರ್ಮೋನಿಕ್ ಹುಟ್ಟಿಸುವಾಗ ಸ್ಯಾಂಪಲ್ ರೇಟಿನ ಅರ್ಧ ದಾಟಿದ್ದು ಕೆಳಕ್ಕೆ ಮಡಚಿಕೊಂಡು ಬೇಸುರಾಗಿ ಕೇಳುತ್ತದೆ. 44.1ರಲ್ಲಿ ಆ ಮಿತಿ 22.05, 88.2ರಲ್ಲಿ 44.1. ಅದಕ್ಕೇ ಮೊದಲು ಏರಿಸಿಕೊಳ್ಳುವುದು. ಆಮೇಲೆ ಆಂಪ್ಲಿಫೈನಲ್ಲಿ ಮೈನಸ್ 6 ಡೆಸಿಬೆಲ್.

ಟ್ರ್ಯಾಕ್ ಪೂರ್ತಿ ಆಯ್ಕೆ ಮಾಡಿ ಎಡಿಟ್ ಮೆನುವಿನ ಡೂಪ್ಲಿಕೇಟ್ ಒತ್ತಿ. ಮೂಲವನ್ನು ಮುಟ್ಟಬೇಡಿ, ಮುಂದಿನ ಎಲ್ಲ ಕೆಲಸ ನಕಲಿನ ಮೇಲೆ. ಅದಕ್ಕೆ 8000 ಹರ್ಟ್ಸ್ ಹೈಪಾಸ್ (ಅದರ ಕೆಳಗಿನದನ್ನು ತೆಗೆಯುವ ಫಿಲ್ಟರ್), 11000 ಹರ್ಟ್ಸ್ ಲೋಪಾಸ್ (ಅದರ ಮೇಲಿನದನ್ನು ತೆಗೆಯುವ ಫಿಲ್ಟರ್) ಹಾಕಿ, ಎರಡಕ್ಕೂ ರೋಲ್‌ಆಫ್, ಅಂದರೆ ಕತ್ತರಿಯ ಕಡಿದು, 48 ಡೆಸಿಬೆಲ್. ಉಳಿದ ಪಟ್ಟಿಯನ್ನು ದ್ವಿಗುಣಿಸಿದರೆ 16ರಿಂದ 22 ಆಗುತ್ತದೆ, ನಮಗೆ ಬೇಕಾದ್ದು ಅದೇ ಜಾಗ.

ದ್ವಿಗುಣಿಸಲು ಡಿಸ್ಟಾರ್ಷನ್ ಎಫೆಕ್ಟ್ ತೆರೆದು, ಪಟ್ಟಿಯಲ್ಲಿ ರೆಕ್ಟಿಫೈಯರ್ ಡಿಸ್ಟಾರ್ಷನ್ ಆರಿಸಿ, ಪ್ರಮಾಣವನ್ನು 100ಕ್ಕೆ ಎಳೆಯಿರಿ. ಅಲೆಯ ಕೆಳಭಾಗವನ್ನು ಮೇಲಕ್ಕೆ ಮಡಚುವ ಈ ವಿಧಾನದಲ್ಲಿ ಸಮಸಂಖ್ಯೆಯ ಹಾರ್ಮೋನಿಕ್ ಹುಟ್ಟುತ್ತವೆ. ಜೊತೆಗೆ ಬೇಡದ ಕೆಳದನಿಯ ಕಸವೂ ಬರುತ್ತದೆ. ಅದಕ್ಕೆ ಈಗ 16000 ಹರ್ಟ್ಸ್ ಹೈಪಾಸ್, 48 ಡೆಸಿಬೆಲ್ ರೋಲ್‌ಆಫ್, ಎರಡು ಸಲ. ಈ ಹಂತ ಬಿಟ್ಟರೆ ಹಾಡಿನ ನಡುವೆ ಗುಯ್ಯೆನ್ನುವ ಬೇಸುರು ಕೇಳುತ್ತದೆ, ಹಾಗೆ ಕೇಳಿದರೆ ಮೊದಲು ಇಲ್ಲೇ ನೋಡಿ.

ನಕಲು ಟ್ರ್ಯಾಕಿನ ಗೇನ್ ಜಾರುಗುಂಡಿಯನ್ನು ಮೈನಸ್ 12ರಲ್ಲಿ ಇಟ್ಟು ಶುರು ಮಾಡಿ. ಎರಡನ್ನೂ ಮಿಕ್ಸ್ ಮಾಡಿ ಅನಲೈಜ್ ಮೆನುವಿನ ಪ್ಲಾಟ್ ಸ್ಪೆಕ್ಟ್ರಂ ನೋಡಿ, ಸೈಜ್ 4096. 15ರವರೆಗೆ ಇಳಿಯುತ್ತ ಬಂದ ಗೆರೆ 16 ದಾಟಿದ ಮೇಲೂ ಅದೇ ಇಳಿಜಾರಿನಲ್ಲಿ ಇಳಿಯುತ್ತಿರಬೇಕು. 16ರಲ್ಲಿ ಮೆಟ್ಟಿಲಿನಂತೆ ಮೇಲೆದ್ದಿದ್ದರೆ ಅನ್‌ಡೂ ಮಾಡಿ ಗೇನ್ ಇನ್ನೂ 3 ಇಳಿಸಿ. ಕೆಳಗೆ ಗುಂಡಿ ಬಿದ್ದಿದ್ದರೆ 3 ಏರಿಸಿ. ಈ ತೀರ್ಮಾನಕ್ಕೆ ಕಿವಿಗಿಂತ ಕಣ್ಣು ಹೆಚ್ಚು ನಂಬಿಕೆಯದು, ಏಕೆಂದರೆ ಹೊಳಪು ಹೆಚ್ಚಾದಷ್ಟೂ ಕಿವಿ ಮೊದಲ ಹತ್ತು ನಿಮಿಷ ಮೆಚ್ಚುತ್ತದೆ, ಆಮೇಲೆ ದಣಿಯುತ್ತದೆ.

11ರಲ್ಲಿ ಕತ್ತರಿಸಿದ 64ರ ಫೈಲಾದರೆ 5500ರಿಂದ 8000ದ ಪಟ್ಟಿ ತೆಗೆದುಕೊಂಡು, ಕೊನೆಯ ಹೈಪಾಸ್ 11000ಕ್ಕೆ. ಗೇನ್ ಇನ್ನೂ ಹುಷಾರಾಗಿ. ಈ ಜಾಗದ ಸದ್ದು ಎಲ್ಲರ ಕಿವಿಗೂ ಬೀಳುತ್ತದೆ, ಅತಿಯಾದರೆ ಹಾಡುಗಾರರ ‘ಸ’, ‘ಶ’ ಚುಚ್ಚತೊಡಗುತ್ತವೆ.

ಮುಗಿದ ಮೇಲೆ ಫ್ಲಾಕ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಮತ್ತೆ 128ರ ಎಂಪಿ3 ಮಾಡಿದರೆ ಅದೇ ಕತ್ತರಿ ಅದೇ ಜಾಗದಲ್ಲಿ ಬಿದ್ದು, ಪಟ್ಟ ಶ್ರಮವೆಲ್ಲ ಹೋಗುತ್ತದೆ. ಮೂಲ ಎಂಪಿ3ಯನ್ನು ಅಳಿಸಬೇಡಿ. ನಾಳೆ ಇದಕ್ಕಿಂತ ಒಳ್ಳೆಯ ವಿಧಾನ ಬಂದಾಗ ಶುರುಮಾಡಬೇಕಾದ್ದು ಅದರಿಂದಲೇ.

ಸಮ ವಾಲ್ಯೂಮಿನಲ್ಲಿ ಹೋಲಿಸಿ

ಅರ್ಧ ಡೆಸಿಬೆಲ್ ಜೋರಿದ್ದರೂ ಜೋರಿದ್ದದ್ದೇ ಚೆನ್ನಾಗಿದೆ ಎಂದು ಕಿವಿ ಹೇಳುತ್ತದೆ. ಅಪ್‌ಸ್ಕೇಲರ್ ಆನ್ ಮಾಡಿದಾಗ ಮಟ್ಟವೂ ಸ್ವಲ್ಪ ಏರುವುದರಿಂದ ಬರಿದೇ ಆನ್ ಆಫ್ ಮಾಡಿ ನೋಡುವುದು ಪರೀಕ್ಷೆಯೇ ಅಲ್ಲ. ಫೂಬಾರ್2000ಕ್ಕೆ ಎಬಿಎಕ್ಸ್ ಕಂಪ್ಯಾರೇಟರ್ ಎಂಬ ಸೇರ್ಪಡೆ ಇದೆ. ಮೂಲ, ಸಂಸ್ಕರಿಸಿದ್ದು ಎರಡನ್ನೂ ಆಯ್ದು, ರಿಪ್ಲೇಗೇನ್ ಬಳಸುವಂತೆ ಟಿಕ್ ಹಾಕಿ, ಯಾವುದು ಯಾವುದೆಂದು ತೋರಿಸದೆ 16 ಸಲ ಕೇಳಿಸಲು ಬಿಡಿ. 12 ಅಥವಾ ಹೆಚ್ಚು ಸರಿ ಹೇಳಿದರೆ ವ್ಯತ್ಯಾಸ ನಿಜವಾಗಿ ಕೇಳಿದೆ ಎನ್ನಬಹುದು. ಸುಮ್ಮನೆ ಊಹಿಸಿದವರಿಗೆ ಅಷ್ಟು ಸರಿಯಾಗುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕೂ ಕಡಿಮೆ. ವ್ಯತ್ಯಾಸ ಕೇಳದಿದ್ದರೆ ಅಪ್‌ಸ್ಕೇಲರ್ ಆಫ್ ಮಾಡಿ, ಬ್ಯಾಟರಿ ಉಳಿಯುತ್ತದೆ.

ಪರೀಕ್ಷೆಗೆ ಗೆಜ್ಜೆ, ತಾಳ, ಸಿಂಬಲ್, ಚಪ್ಪಾಳೆ ಇರುವ ಹದಿನೈದು ಇಪ್ಪತ್ತು ಸೆಕೆಂಡಿನ ತುಣುಕು ಆರಿಸಿ. ಬರಿಯ ಕೊಳಲು, ಬರಿಯ ಗಾಯನದಲ್ಲಿ ಏನೂ ಗೊತ್ತಾಗುವುದಿಲ್ಲ.

ನಮ್ಮ ಕಡೆಯ ಕೆಲವು ಬಗೆಗಳು

ತಮಟೆ. 2023ರಲ್ಲಿ ಪದ್ಮಶ್ರೀ ಪಡೆದ ತಮಟೆ ಕಲಾವಿದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ಚಿಕ್ಕಬಳ್ಳಾಪುರ ಜಿಲ್ಲೆಯವರು. ಈ ಸೀಮೆಯಲ್ಲಿ ತಮಟೆಯ ರೆಕಾರ್ಡಿಂಗ್ ಫೋನಿನಿಂದ ಫೋನಿಗೆ ಓಡಾಡುತ್ತಲೇ ಇರುತ್ತದೆ. ಎಂಪಿ3ಗೆ ಅತಿ ಕಷ್ಟದ ಸದ್ದು ಇದು. ಎಂಪಿ3ಯ ಒಂದು ಫ್ರೇಮ್ 1152 ಸ್ಯಾಂಪಲ್, ಅಂದರೆ 26 ಮಿಲಿಸೆಕೆಂಡ್. ಮೌನದ ನಡುವೆ ಏಟು ಬಿದ್ದಾಗ ಆ ಏಟನ್ನು ಒರಟಾಗಿ ಅಳೆದ ದೋಷ ಏಟಿನ ಮೊದಲಿಗೂ ಹರಡುತ್ತದೆ. ಎನ್‌ಕೋಡರ್ ಇಂಥ ಕಡೆ ಚಿಕ್ಕ ತುಂಡುಗಳಿಗೆ ಬದಲಾಗಿ ಸಂಭಾಳಿಸಲು ನೋಡುತ್ತದೆ, ಆದರೆ ಕಡಿಮೆ ಬಿಟ್‌ರೇಟಿನಲ್ಲಿ ಸೋಲುತ್ತದೆ. ಏಟಿನ ಮೊನೆ ಮೊಂಡಾಗಿ ಕೇಳುವುದು ಇದರಿಂದ. ಮೇಲಿನ ಕಂಪನಾಂಕ ತುಂಬಿದರೆ ಈ ದೋಷ ಹೋಗುವುದಿಲ್ಲ, ಹೊಳಪು ಪಡೆದು ಇನ್ನಷ್ಟು ಎದ್ದು ಕಾಣಬಹುದು.

ಆದ್ದರಿಂದ ತಮಟೆಗೆ ಮದ್ದು ರೆಕಾರ್ಡ್ ಮಾಡುವಾಗಲೇ ಇದೆ. ಫೋನಿನ ರೆಕಾರ್ಡರ್ ಸೆಟ್ಟಿಂಗಿನಲ್ಲಿ ವೇವ್ ಇದ್ದರೆ ಅದು, ಇಲ್ಲದಿದ್ದರೆ ಸಿಗುವ ಅತಿ ಹೆಚ್ಚಿನ ಬಿಟ್‌ರೇಟ್. ನಾಲ್ಕೈದು ಮೀಟರ್ ದೂರ ನಿಲ್ಲಿ, ಹತ್ತಿರ ಹಿಡಿದರೆ ಮೈಕೇ ಒಡೆದ ಸದ್ದು ಕೊಡುತ್ತದೆ. ವಾಟ್ಸ್ಆ್ಯಪಿನಲ್ಲಿ ಕಳಿಸುವಾಗ ವಾಯ್ಸ್ ಮೆಸೇಜ್ ಆಗಿ ಮತ್ತೆ ಮುದ್ರಿಸಿ ಕಳಿಸಬೇಡಿ, ವಿಡಿಯೊ ಆಗಿಯೂ ಬೇಡ, ಎರಡರಲ್ಲೂ ಮತ್ತೆ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಲಗತ್ತಿಸಿದರೆ ಫೈಲು ಇದ್ದ ಹಾಗೇ ತಲುಪುತ್ತದೆ.

ರಂಗಗೀತೆ. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯಿಂದಾಗಿ ತುಮಕೂರು ಸೀಮೆಯಲ್ಲಿ ಹಳೆಯ ರಂಗಗೀತೆಗಳಿಗೆ ಇವತ್ತಿಗೂ ಕೇಳುಗರಿದ್ದಾರೆ. 78 ವೇಗದ ತಟ್ಟೆಯಿಂದ ತೆಗೆದ ಹಾಡುಗಳಲ್ಲಿ 7–8 ಕಿಲೋಹರ್ಟ್ಸ್ ಮೇಲೆ ಸಂಗೀತ ಹೆಚ್ಚಿಲ್ಲ, ಇರುವುದು ಮುಳ್ಳಿನ ಸರಸರ. ಅಪ್‌ಸ್ಕೇಲರ್ ಆ ಸರಸರವನ್ನೇ ಮೂಲವೆಂದು ಹಿಡಿದು ಬೆಳೆಸುತ್ತದೆ. ಇಲ್ಲಿ ಆಫ್ ಮಾಡಿ, ಬದಲಿಗೆ 8000 ಹರ್ಟ್ಸ್ ಲೋಪಾಸ್ ಮೆಲ್ಲಗೆ, 12 ಡೆಸಿಬೆಲ್ ರೋಲ್‌ಆಫ್‌ನಲ್ಲಿ ಹಾಕಿ ಕೇಳಿ. ಸಾಹಿತ್ಯ ಹೆಚ್ಚು ಸ್ಪಷ್ಟವಾಗುತ್ತದೆ.

ಕೈವಾರ ತಾತಯ್ಯನವರ ಕೀರ್ತನೆ, ಭಜನೆ, ಹರಿಕಥೆಗಳ ಕ್ಯಾಸೆಟ್ಟಿನಿಂದ ಬಂದ ಫೈಲುಗಳಲ್ಲೂ ಟೇಪಿನ ಹಿಸ್ ಇರುತ್ತದೆ. ಆಡಾಸಿಟಿಯ ನಾಯ್ಸ್ ರಿಡಕ್ಷನ್‌ಗೆ ಹಾಡು ಶುರುವಾಗುವ ಮೊದಲಿನ ಒಂದು ಸೆಕೆಂಡ್ ಮೌನವನ್ನು ಮಾದರಿ ಕೊಟ್ಟು, 6 ಡೆಸಿಬೆಲ್ ಮಾತ್ರ ಇಳಿಸಿ. 12 ದಾಟಿದರೆ ತಂಬೂರಿಯ ಎಳೆಯೇ ಹರಿದುಹೋಗುತ್ತದೆ. ಹಿಸ್ ತಗ್ಗಿದ ಮೇಲೆ, ಸ್ಪೆಕ್ಟ್ರೋಗ್ರಾಂನಲ್ಲಿ ಕತ್ತರಿಯ ನೇರ ಗೆರೆ ಇದ್ದರೆ ಮಾತ್ರ ಮೇಲಿನ ವಿಧಾನಕ್ಕೆ ಹೋಗಿ. ಹರಿಕಥೆಯ ಮಾತಿನ ಭಾಗಕ್ಕೆ ಏನೂ ಬೇಕಾಗಿಲ್ಲ.

ಕಾರಿನ ಪೆನ್‌ಡ್ರೈವ್. ಎಷ್ಟೋ ಕಾರ್ ಸ್ಟೀರಿಯೊಗಳು 88.2, 24 ಬಿಟ್ ಫ್ಲಾಕ್ ಓದುವುದಿಲ್ಲ, ‘ಅನ್‌ಸಪೋರ್ಟೆಡ್’ ಎನ್ನುತ್ತವೆ ಅಥವಾ ಹಾಡು ಹಾರಿಸಿಬಿಡುತ್ತವೆ. ಅದಕ್ಕಾಗಿ 44100, 16 ಬಿಟ್‌ನಲ್ಲಿ ಇನ್ನೊಂದು ಪ್ರತಿ ಎಕ್ಸ್‌ಪೋರ್ಟ್ ಮಾಡಿ. 22 ಕಿಲೋಹರ್ಟ್ಸ್‌ವರೆಗಿನ ಸೇರ್ಪಡೆಯೆಲ್ಲ ಅದರಲ್ಲೂ ಉಳಿಯುತ್ತದೆ. ಫ್ಲಾಕ್ ಅನ್ನೇ ಓದದ ಸ್ಟೀರಿಯೊ ಆದರೆ 320ರ ಎಂಪಿ3. ಪೆನ್‌ಡ್ರೈವ್ ಎಫ್‌ಎಟಿ32ಗೆ ಫಾರ್ಮ್ಯಾಟ್ ಆಗಿರಲಿ. ಸ್ಟೀರಿಯೊದಲ್ಲೇ ಅಪ್‌ಸ್ಕೇಲರ್ ಇದ್ದರೆ ಸಂಸ್ಕರಿಸಿದ ಪ್ರತಿ ಬೇಡ, ಮೂಲವನ್ನೇ ಹಾಕಿ. ತುಮಕೂರಿನಿಂದ 48ನೇ ಹೆದ್ದಾರಿಯಲ್ಲೋ ಕೋಲಾರದಿಂದ 75ನೇ ಹೆದ್ದಾರಿಯಲ್ಲೋ ಓಡುವಾಗ ಚಕ್ರದ ಸದ್ದು, ಗಾಳಿಯ ಸದ್ದು ಈ ಸೂಕ್ಷ್ಮವನ್ನು ಬಹುಪಾಲು ನುಂಗುತ್ತವೆ. ಸೆಟ್ಟಿಂಗ್ ಮಾಡುವುದಾದರೆ ಗಾಡಿ ನಿಲ್ಲಿಸಿ, ಇಂಜಿನ್ ಮತ್ತು ಎಸಿ ಆಫ್ ಮಾಡಿ, ಕಿಟಕಿ ಏರಿಸಿ ಮಾಡಿ.